ಒಂದೇ ಸೂತ್ರ, ಮೂರು ಭಾಷ್ಯ: ನಂಬುವುದು ಯಾವುದನ್ನು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಜಗತ್ತು, ಜೀವ, ಈಶ್ವರ, ಪರಮಾಣು ಇವುಗಳ ನಿಜಸ್ವರೂಪ ಇಂಥದ್ದೇ ಎಂದು ಸಾರುವ ಸಿದ್ಧಾಂತಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು? ಈ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಧಾಟಿಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಶಂಕರ, ರಾಮಾನುಜ, ಮಧ್ವ ಮೂವರೂ ಭಾಷ್ಯ ಬರೆದದ್ದು ಅದೇ ಬ್ರಹ್ಮಸೂತ್ರಕ್ಕೆ. ಒಬ್ಬರಿಗೆ ಜೀವ-ಬ್ರಹ್ಮ ಒಂದೇ, ಇನ್ನೊಬ್ಬರಿಗೆ ಅವು ಶರೀರ-ಶರೀರಿ, ಮತ್ತೊಬ್ಬರಿಗೆ ಭೇದವೇ ಸತ್ಯ. ಮೂರೂ ನಿಜವಾಗಿರಲು ಸಾಧ್ಯವಿಲ್ಲ. ಹಾಗಾದರೆ ಮೂರನ್ನೂ ಕೈಬಿಡಬೇಕೇ? (ಹಾಸನ)

ಉತ್ತರ: ಮೂರೂ ಒಟ್ಟಿಗೆ ನಿಜವಾಗಲಾರವು ಎಂಬಷ್ಟು ಸರಿ. ಅಷ್ಟರಿಂದ ಮೂರೂ ಸುಳ್ಳು ಎಂದಾಗುವುದಿಲ್ಲ, ಮೂರರಲ್ಲಿ ಒಂದಾದರೂ ನಿಜ ಇರಲೇಬೇಕು ಎಂದೂ ಆಗುವುದಿಲ್ಲ. ತೊಡಕು ಬೇರೆ ಕಡೆ ಇದೆ.

ದೂರದಲ್ಲಿ ನೀರು ಕಂಡಿತು. ಅದು ನೀರೋ ಬಿಸಿಲ್ಗುದುರೆಯೋ ಎಂದು ತಿಳಿಯುವುದು ಹೇಗೆ? ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರ ಉತ್ತರ ನೇರ: ಹೋಗಿ ಕುಡಿ, ದಾಹ ತೀರಿದರೆ ಆ ಜ್ಞಾನ ಪ್ರಮಾಣ, ಅಂದರೆ ನಂಬಬಹುದಾದದ್ದು. ಇದಕ್ಕೆ ಅವರು ಪ್ರವೃತ್ತಿಸಾಮರ್ಥ್ಯ ಎನ್ನುತ್ತಾರೆ. ಈಗ ಜಗತ್ತು ಸತ್ಯವೋ ಮಿಥ್ಯೆಯೋ ಎಂಬುದನ್ನು ಇದೇ ದಾರಿಯಲ್ಲಿ ತೀರ್ಮಾನಿಸಲು ಹೊರಡಿ. ದ್ವೈತಿಯ ದಾಹವೂ ತೀರುತ್ತದೆ, ಅದ್ವೈತಿಯ ದಾಹವೂ ತೀರುತ್ತದೆ. ವ್ಯವಹಾರದ ಮಟ್ಟದಲ್ಲಿ ನೀರು ನೀರೇ ಎಂದು ಅದ್ವೈತಿ ಮೊದಲೇ ಒಪ್ಪಿದ್ದಾನೆ. ಹಾಗಾಗಿ ಕುಡಿದು ನೋಡಿದರೂ, ಅಳೆದು ತೂಗಿದರೂ ಇಬ್ಬರಲ್ಲಿ ಯಾರೂ ಸೋಲುವುದಿಲ್ಲ. ನೀರಿನ ವಿಷಯದಲ್ಲಿ ನಮಗೆ ಸಿಗುವ ಭರವಸೆ ಇಂಥ ಸಿದ್ಧಾಂತಗಳ ವಿಷಯದಲ್ಲಿ ಸಿಗದಿರುವುದಕ್ಕೆ ಮುಖ್ಯ ಕಾರಣ ಇದೇ. ಅವುಗಳನ್ನು ಕಟ್ಟಿದವರ ಬುದ್ಧಿಯ ಕೊರತೆಯಂತೂ ಅಲ್ಲ.

ಶ್ರುತಿ ತೀರ್ಮಾನಿಸಲಿ ಎಂದರೆ? ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿ ಒಂಬತ್ತು ಸಲ ಬರುವ ‘ತತ್ ತ್ವಮಸಿ’ (ಅದು ನೀನು) ಎಂಬ ಒಂದೇ ವಾಕ್ಯವನ್ನು ಅದ್ವೈತಿಗಳು ಲಕ್ಷಣೆಯಿಂದ, ಅಂದರೆ ನೇರ ಅರ್ಥ ಬಿಟ್ಟು ಸೂಚಿತ ಅರ್ಥ ಹಿಡಿದು, ಐಕ್ಯಕ್ಕೆ ಹಚ್ಚುತ್ತಾರೆ, ರಾಮಾನುಜರು ಅಂತರ್ಯಾಮಿಗೆ ಹಚ್ಚುತ್ತಾರೆ, ಮಧ್ವರು ಸಂಧಿಯನ್ನು ‘ಅತತ್ ತ್ವಮಸಿ’ (ಅದು ನೀನಲ್ಲ) ಎಂದೇ ಬಿಡಿಸುತ್ತಾರೆ. ಮೂವರಿಗೂ ವೇದ ಪ್ರಮಾಣವೇ. ಆದರೆ ವೇದದ ಅರ್ಥ ನಿರ್ಧರಿಸುವ ಕೆಲಸ ಮತ್ತೆ ಯುಕ್ತಿಯ ಪಾಲಿಗೇ ಬರುತ್ತದೆ.

ಯುಕ್ತಿಯ ಮಿತಿಯನ್ನು ಶಂಕರರು ಬಚ್ಚಿಟ್ಟಿಲ್ಲ. ಬ್ರಹ್ಮಸೂತ್ರದ 2.1.11ನೆಯ ಸೂತ್ರದ ಭಾಷ್ಯದಲ್ಲಿ, ಒಬ್ಬ ತಾರ್ಕಿಕ ಕಷ್ಟಪಟ್ಟು ಸ್ಥಾಪಿಸಿದ್ದನ್ನು ಅವನಿಗಿಂತ ಚತುರನಾದವನು ಕೆಡವುತ್ತಾನೆ, ಅವನದನ್ನು ಇನ್ನೊಬ್ಬ ಕೆಡವುತ್ತಾನೆ ಎಂದು ಬಿಡಿಸಿ ಹೇಳುತ್ತಾರೆ. ಅಲ್ಲೇ ಪ್ರತಿವಾದಿಯ ಬಾಯಲ್ಲಿ ಒಂದು ಸೊಗಸಾದ ಆಕ್ಷೇಪವನ್ನೂ ಇಟ್ಟಿದ್ದಾರೆ: ‘ತರ್ಕಕ್ಕೆ ನೆಲೆಯಿಲ್ಲ ಎಂಬುದನ್ನೂ ನೀವು ತರ್ಕದಿಂದಲೇ ಸ್ಥಾಪಿಸಿದಿರಲ್ಲ!’ ಕೆಲವು ವಿಷಯಗಳಲ್ಲಿ ತರ್ಕ ನಿಲ್ಲುತ್ತದೆ, ಜಗತ್ಕಾರಣದ ವಿಷಯದಲ್ಲಿ ನಿಲ್ಲುವುದಿಲ್ಲ ಎಂಬುದು ಶಂಕರರ ಸಮಾಧಾನ. ಎಲ್ಲಿಂದ ನಿಲ್ಲುವುದಿಲ್ಲ ಎಂಬ ಗೆರೆ ಎಳೆಯುವುದೇ ಕಷ್ಟ, ಅದು ಬೇರೆ ಮಾತು.

ಇದು ನಮ್ಮವರಿಗಷ್ಟೇ ಅಂಟಿದ ಜಾಡ್ಯವಲ್ಲ. 2009ರಲ್ಲಿ ತತ್ತ್ವಶಾಸ್ತ್ರದ ಜಾಲತಾಣ ಫಿಲ್‌ಪೇಪರ್ಸ್ ನಡೆಸಿದ ಸಮೀಕ್ಷೆಯಲ್ಲಿ ಪ್ರಮುಖ ತತ್ತ್ವಶಾಸ್ತ್ರ ವಿಭಾಗಗಳ 931 ಅಧ್ಯಾಪಕರು ಉತ್ತರಿಸಿದ್ದರು. ಸಂಖ್ಯೆಯಂಥ ಅಮೂರ್ತ ವಸ್ತುಗಳು ನಿಜವಾಗಿ ಇವೆಯೇ ಎಂಬ ಪ್ರಶ್ನೆಗೆ ಇವೆ ಎಂಬ ಕಡೆಗೆ ವಾಲಿದವರು ಶೇ 39.3, ಇಲ್ಲ ಎಂಬ ಕಡೆಗೆ ಶೇ 37.7, ಉಳಿದವರು ಬೇರೇನೋ ಹೇಳಿದರು. ಎರಡೂವರೆ ಸಾವಿರ ವರ್ಷ ಚರ್ಚೆ ನಡೆದ ಮೇಲಿನ ಸ್ಥಿತಿ ಇದು. ಇಂಥ ಕಡೆ ‘ನನ್ನ ಸಿದ್ಧಾಂತ ಖಚಿತ’ ಎನ್ನುವವರ ಖಚಿತತೆ ವಾದದಿಂದ ಬಂದದ್ದಲ್ಲ.

ಹಾಗೆಂದು ಎಲ್ಲವನ್ನೂ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಬೇಕಾಗಿಲ್ಲ. ದರ್ಶನವನ್ನು ಇಡಿಯಾಗಿ ನಂಬುವುದು ಇಲ್ಲವೇ ಬಿಡುವುದು ಎಂಬ ಲೆಕ್ಕವೇ ಹದ ತಪ್ಪಿದ್ದು. ಒಳಗಿನ ವಾದಗಳನ್ನು ಬಿಡಿಬಿಡಿಯಾಗಿ ನೋಡಿದರೆ ಕೆಲವಕ್ಕೆ ಒಳ್ಳೆಯ ಭರವಸೆ ಸಿಗುತ್ತದೆ. ಅದರಲ್ಲೂ ‘ಹೀಗೆ ಇದೆ’ ಎಂದು ಸಾಧಿಸುವ ವಾದಗಳಿಗಿಂತ ‘ಆ ಕಾರಣದಿಂದ ಇದು ಸಿದ್ಧವಾಗುವುದಿಲ್ಲ’ ಎಂದು ಖಂಡಿಸುವ ವಾದಗಳು ಹೆಚ್ಚು ಗಟ್ಟಿ. ಮುಂದಿನ ಪ್ರಶ್ನೆಯಲ್ಲಿ ಇದನ್ನು ಬಿಡಿಸಿದ್ದೇವೆ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿ. ಒಂದು ತಾತ್ತ್ವಿಕ ವಾದವನ್ನು ನಂಬಬಹುದೇ ಎಂದು ಪರೀಕ್ಷಿಸುವ ಕ್ರಮವೇನಾದರೂ ಇದೆಯೇ? ಓದುವಾಗ ಪ್ರತಿಯೊಬ್ಬರದೂ ಸರಿ ಅನ್ನಿಸುತ್ತದೆ. (ಧಾರವಾಡ)

ಉತ್ತರ: ಓದುವಾಗ ಪ್ರತಿಯೊಬ್ಬರದೂ ಸರಿ ಅನ್ನಿಸುವುದು ಬರೆಯದೆ ಓದುವುದರ ಫಲ. ಪೆನ್ನು ಹಿಡಿದು ಕುಳಿತುಕೊಳ್ಳಿ. ನೈಯಾಯಿಕರ ಈಶ್ವರಾನುಮಾನವನ್ನೇ ಎದುರಿಗಿಟ್ಟುಕೊಳ್ಳೋಣ (ಇಲ್ಲಿ ಅನುಮಾನ ಎಂದರೆ ಸಂದೇಹವಲ್ಲ, ಕಾರಣ ಹಿಡಿದು ತೀರ್ಮಾನಕ್ಕೆ ಬರುವುದು): ‘ಭೂಮಿ, ಮೊಳಕೆ ಮುಂತಾದವಕ್ಕೆ ಕರ್ತೃ ಇದ್ದಾನೆ, ಏಕೆಂದರೆ ಅವು ಕಾರ್ಯಗಳು (ಹುಟ್ಟಿದ ವಸ್ತುಗಳು), ಮಡಕೆಯ ಹಾಗೆ.’

ಮೊದಲು ಐದು ಸಾಲು ಬರೆಯಿರಿ: ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ), ಉದಾಹರಣೆ, ಉಪನಯ (ಅದನ್ನು ಇಲ್ಲಿಗೆ ಅನ್ವಯಿಸುವುದು), ನಿಗಮನ (ತೀರ್ಮಾನ). ಪುಸ್ತಕದಲ್ಲಿ ಹತ್ತು ಪುಟ ಹರಡಿಕೊಂಡ ವಾದವೂ ಈ ಐದು ಸಾಲಿಗೆ ಇಳಿಯಬೇಕು. ಇಳಿಯದಿದ್ದರೆ ಅಲ್ಲಿರುವುದು ವಾದವಲ್ಲ, ವರ್ಣನೆ. ಹೊಸಬರು ಎಡವುವುದು ಮೂರನೆಯ ಸಾಲಿನಲ್ಲಿ. ‘ಮಡಕೆಯ ಹಾಗೆ’ ಎಂದು ಬರೆದು ಮುಂದೆ ಹೋಗುತ್ತಾರೆ. ಅಲ್ಲಿ ವ್ಯಾಪ್ತಿಯನ್ನು, ಅಂದರೆ ಒಂದಿದ್ದಲ್ಲೆಲ್ಲ ಇನ್ನೊಂದು ಇರುತ್ತದೆ ಎಂಬ ನಿಯಮವನ್ನು, ಪೂರ್ತಿ ಬರೆಯಬೇಕು: ‘ಯಾವ ಯಾವುದು ಕಾರ್ಯವೋ ಅದಕ್ಕೆಲ್ಲ ಕರ್ತೃ ಇರುತ್ತಾನೆ, ಮಡಕೆಯ ಹಾಗೆ.’ ವಾದದ ಭಾರವೆಲ್ಲ ಈ ‘ಎಲ್ಲ’ದ ಮೇಲಿದೆ.

ಎರಡನೆಯದಾಗಿ, ಹೇತು ಪಕ್ಷದಲ್ಲಿ, ಅಂದರೆ ಚರ್ಚೆಗೆ ಬಂದ ವಸ್ತುವಿನಲ್ಲಿ, ಇದೆಯೇ ನೋಡಿ. ಭೂಮಿ ‘ಕಾರ್ಯ’ ಎಂದು ಯಾರು ಹೇಳಿದರು? ಒಟ್ಟು ಜಗತ್ತು ಎಂದೋ ಒಂದು ದಿನ ಹುಟ್ಟಿತು ಎಂಬುದನ್ನೇ ವೈದಿಕ ಕರ್ಮದ ವಿಚಾರಕರಾದ ಮೀಮಾಂಸಕರು ಒಪ್ಪುವುದಿಲ್ಲ. ‘ಅವಯವಗಳಿಂದ ಕೂಡಿದೆ, ಆದ್ದರಿಂದ ಕಾರ್ಯ’ ಎನ್ನುತ್ತಾರೆ ನೈಯಾಯಿಕರು. ಅಂದರೆ ಒಳಗೆ ಇನ್ನೊಂದು ಅನುಮಾನ ಅಡಗಿತ್ತು. ಅದಕ್ಕೂ ಐದು ಸಾಲು ಬರೆಯಿರಿ. ದೊಡ್ಡ ವಾದಗಳ ಹೊಟ್ಟೆಯಲ್ಲಿ ಹೀಗೆ ಎರಡು ಮೂರು ಮರಿಗಳಿರುವುದು ಮಾಮೂಲು.

ಮೂರನೆಯದು ಉಪಾಧಿ, ಅಂದರೆ ಹೇತುವಿನ ಹಿಂದೆ ಅಡಗಿದ ಷರತ್ತು. ಇದೊಂದನ್ನು ಕಲಿತರೆ ಅರ್ಧ ತರ್ಕಶಾಸ್ತ್ರ ಕಲಿತಂತೆ. ‘ಬೆಟ್ಟದಲ್ಲಿ ಹೊಗೆ ಇದೆ, ಏಕೆಂದರೆ ಬೆಂಕಿ ಇದೆ’ ಎಂಬ ವಾದ ತಪ್ಪು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರುವುದು ಹಸಿ ಸೌದೆ ಸೇರಿದಾಗ. ಆ ಹಸಿ ಸೌದೆಯೇ ಉಪಾಧಿ. ಹೊಗೆ ಇರುವಲ್ಲೆಲ್ಲ ಅದು ಇರುತ್ತದೆ, ಬೆಂಕಿ ಇರುವಲ್ಲೆಲ್ಲ ಇರುವುದಿಲ್ಲ. ಈಗ ಈಶ್ವರಾನುಮಾನಕ್ಕೆ ಬನ್ನಿ. ಕರ್ತೃ ಇದ್ದಾನೆ ಎಂದು ನಮಗೆ ಗೊತ್ತಿರುವ ವಸ್ತುಗಳೆಲ್ಲ, ಅಂದರೆ ಮಡಕೆ, ಬಟ್ಟೆ, ಮನೆ, ಶರೀರವುಳ್ಳವನಿಂದ ಆದವು. ಮೊಳಕೆ ಕಾರ್ಯವೇನೋ ಹೌದು, ಆದರೆ ಶರೀರವುಳ್ಳ ಯಾರೂ ಅದನ್ನು ಮಾಡಿದ್ದು ಕಂಡಿಲ್ಲ. ಹಾಗಾಗಿ ‘ಶರೀರಿಯಿಂದ ಆಗಿರುವುದು’ ಎಂಬುದು ಇಲ್ಲಿ ಉಪಾಧಿ ಎಂದು ಎದುರಾಳಿ ಆಕ್ಷೇಪಿಸುತ್ತಾನೆ. ‘ಶರೀರ ಎಂಬ ವಿಶೇಷಣ ಅಲ್ಲಿ ಅನಗತ್ಯ. ಮೊಳಕೆಗೆ ಕರ್ತೃ ಇದ್ದಾನೋ ಇಲ್ಲವೋ ಎಂಬುದೇ ವಿವಾದವಾಗಿರುವಾಗ ಅದನ್ನೇ ತಂದು ನನ್ನ ವಿರುದ್ಧ ಉದಾಹರಣೆ ಮಾಡಬೇಡ’ ಎಂಬುದು ನೈಯಾಯಿಕನ ಉತ್ತರ. ಈ ಉತ್ತರದಿಂದ ವಾದ ಸಾಯದೆ ಉಳಿಯುತ್ತದೆ ನಿಜ. ಆದರೆ ಗೆಲ್ಲುವುದೂ ಇಲ್ಲ. ವ್ಯಾಪ್ತಿ ಸಂಶಯದಲ್ಲಿ ಬಿತ್ತು. ಸಂಶಯದಲ್ಲಿ ಬಿದ್ದ ವ್ಯಾಪ್ತಿಯಿಂದ ನಿಶ್ಚಯ ಹುಟ್ಟುವುದಿಲ್ಲ ಎಂಬುದು ನೈಯಾಯಿಕರದೇ ನಿಯಮ.

ನಾಲ್ಕನೆಯದಾಗಿ, ವಾದ ಗೆದ್ದಿತು ಎಂದೇ ಇಟ್ಟುಕೊಳ್ಳಿ. ಸಿದ್ಧವಾದದ್ದು ಎಷ್ಟು? ‘ಒಬ್ಬನೇ, ಸರ್ವಜ್ಞ, ಅಶರೀರಿ’ ಎಂಬ ಮೂರೂ ಐದು ಸಾಲಿನಲ್ಲಿ ಎಲ್ಲೂ ಇಲ್ಲ. ರಾಮಾನುಜರು ಶ್ರೀಭಾಷ್ಯದಲ್ಲಿ ಹಿಡಿದದ್ದು ಇದನ್ನೇ: ಅರಮನೆಯಂಥ ದೊಡ್ಡ ಕಾರ್ಯವನ್ನು ಹಲವರು ಸೇರಿ ಕಟ್ಟುತ್ತಾರೆ, ಜಗತ್ತಿಗೂ ಹಲವು ಕರ್ತೃಗಳು ಏಕಿರಬಾರದು? ಆರು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 1779ರಲ್ಲಿ ಅಚ್ಚಾದ, ಸ್ಕಾಟ್ಲೆಂಡಿನ ತತ್ತ್ವಜ್ಞ ಡೇವಿಡ್ ಹ್ಯೂಮ್‌ನ ಸಂವಾದಗಳಲ್ಲೂ ಇದೇ ಪ್ರಶ್ನೆ ಬರುತ್ತದೆ. ಹ್ಯೂಮ್ ಸಂದೇಹವಾದಿ, ರಾಮಾನುಜರು ಪರಮ ಆಸ್ತಿಕರು. ಈಶ್ವರನನ್ನು ಶಾಸ್ತ್ರದಿಂದಲೇ ತಿಳಿಯಬೇಕು, ಅನುಮಾನದಿಂದಲ್ಲ ಎಂದು ತೋರಿಸುವುದು ರಾಮಾನುಜರ ಉದ್ದೇಶ. ನಂಬಿಕೆಯಲ್ಲಿ ಉತ್ತರ-ದಕ್ಷಿಣವಾಗಿರುವ ಇಬ್ಬರೂ ಒಂದೇ ದೋಷ ಕಂಡರು ಎಂದರೆ ಆ ಖಂಡನೆಯನ್ನು ಧಾರಾಳವಾಗಿ ನಂಬಬಹುದು. ‘ಒಬ್ಬನೇ ಎಂದರೆ ಲಾಘವ (ಕಲ್ಪನೆಯ ಮಿತವ್ಯಯ)’ ಎಂಬ ನೈಯಾಯಿಕರ ಮರುಮಾತು ಆಯ್ಕೆಗೆ ಸಹಾಯವಾದೀತು, ಸಾಧನೆಗೆ ಸಾಲದು.

ಐದನೆಯದಾಗಿ, ಸಿದ್ಧಾಂತವನ್ನು ಅದಕ್ಕೇ ತಿರುಗಿಸಿ ಹಚ್ಚಿ ನೋಡಿ. ವಿಜಯನಗರದ ಕಾಲದ ದ್ವೈತಿ ವ್ಯಾಸತೀರ್ಥರು ನ್ಯಾಯಾಮೃತದಲ್ಲಿ ಮಾಡಿದ್ದು ಇದನ್ನೇ. ಅದ್ವೈತದ ಅನುಮಾನ ಹೀಗಿದೆ: ‘ಜಗತ್ತು ಮಿಥ್ಯೆ, ದೃಶ್ಯವಾಗಿರುವುದರಿಂದ (ಅರಿವಿಗೆ ಗೋಚರವಾಗಿರುವುದರಿಂದ), ಕಪ್ಪೆಚಿಪ್ಪಿನಲ್ಲಿ ಕಂಡ ಬೆಳ್ಳಿಯ ಹಾಗೆ.’ ವ್ಯಾಸತೀರ್ಥರ ಒಂದು ಪ್ರಶ್ನೆ: ಈ ಮಿಥ್ಯಾತ್ವ ಮಿಥ್ಯೆಯೋ ಸತ್ಯವೋ? ಸತ್ಯ ಎಂದರೆ ಬ್ರಹ್ಮದ ಜೊತೆಗೆ ಎರಡನೆಯ ಸತ್ಯ ಬಂದು ಅದ್ವೈತ ಹೋಯಿತು. ಮಿಥ್ಯೆ ಎಂದರೆ ಜಗತ್ತು ಸತ್ಯವಾಯಿತು. ಅದ್ವೈತಿ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಲ್ಲಿ ಕೊಟ್ಟ ಉತ್ತರ ಚುರುಕಾದದ್ದು: ಆನೆಯಲ್ಲಿ ಹಸುತನವೂ ಇಲ್ಲ, ಕುದುರೆತನವೂ ಇಲ್ಲ. ಒಂದನ್ನು ಅಲ್ಲಗಳೆದ ಮಾತ್ರಕ್ಕೆ ಇನ್ನೊಂದು ಬಂದು ಕೂರುವುದಿಲ್ಲ. ಎರಡನ್ನೂ ಒಂದೇ ಕಾರಣ ತಳ್ಳಿಹಾಕುವಾಗ ಮಿಥ್ಯಾತ್ವ ಮಿಥ್ಯೆಯಾದರೂ ಜಗತ್ತು ಸತ್ಯವಾಗಬೇಕಿಲ್ಲ. ಇದಕ್ಕೆ ಉತ್ತರವಾಗಿ ದ್ವೈತದ ಕಡೆಯಿಂದ ವ್ಯಾಸರಾಮಾಚಾರ್ಯರ ತರಂಗಿಣಿ, ಅದಕ್ಕೆ ಅದ್ವೈತದ ಕಡೆಯಿಂದ ಬ್ರಹ್ಮಾನಂದರ ಚಂದ್ರಿಕೆ ಬಂತು. ನಾಲ್ಕು ಸುತ್ತು ನಡೆದರೂ ಪಂದ್ಯ ಮುಗಿಯಲಿಲ್ಲ. ಆದರೆ ‘ಮಿಥ್ಯೆ’ ಎಂದರೆ ಏನು ಎಂಬುದಕ್ಕೆ ಐದು ಬೇರೆ ಬೇರೆ ಲಕ್ಷಣಗಳು ಬಿಡಿಬಿಡಿಯಾಗಿ ಪರೀಕ್ಷೆಗೆ ಒಳಗಾದವು. ‘ಜಗತ್ತೆಲ್ಲ ಕನಸು’ ಎಂಬ ಭಾಷಣದ ಮಾತಿಗೂ ಅಲ್ಲಿ ಉಳಿದುಕೊಂಡ ಅದ್ವೈತಕ್ಕೂ ಅಜಗಜಾಂತರ.

ಕೊನೆಯದು ಬೆಲೆಪಟ್ಟಿ, ಅಂದರೆ ಸಿದ್ಧಾಂತ ತೆತ್ತ ಬೆಲೆ ಏನು ಎಂಬುದು. ಪ್ರತಿಯೊಂದು ದರ್ಶನದಲ್ಲೂ ತನ್ನ ನಿಯಮದಿಂದ ತಾನೇ ವಿನಾಯಿತಿ ಪಡೆದ ಒಂದು ಪದಾರ್ಥ ಇರುತ್ತದೆ, ಅದನ್ನು ಹುಡುಕಿ ಹಿಡಿಯಿರಿ. ನ್ಯಾಯದಲ್ಲಿ ಅದು ಸಮವಾಯ: ದ್ರವ್ಯ-ಗುಣಗಳನ್ನು ಜೋಡಿಸಲು ಸಂಬಂಧ ಬೇಕು ಎಂದವರು, ಆ ಸಂಬಂಧವನ್ನು ಜೋಡಿಸಲು ಇನ್ನೊಂದು ಬೇಡವೇ ಎಂದರೆ ‘ಅದು ತಾನಾಗಿಯೇ ಅಂಟಿಕೊಳ್ಳುತ್ತದೆ’ ಎನ್ನುತ್ತಾರೆ. ದ್ವೈತದಲ್ಲಿ ‘ವಿಶೇಷ’, ಅಂದರೆ ಒಂದೇ ವಸ್ತುವಿನಲ್ಲಿ ಭೇದದ ಮಾತಿಗೆ ಎಡೆ ಕೊಡುವ ಪದಾರ್ಥ: ಅದು ಸ್ವನಿರ್ವಾಹಕ, ತನ್ನನ್ನು ತಾನೇ ನಡೆಸಿಕೊಳ್ಳುತ್ತದೆ. ಅದ್ವೈತದಲ್ಲಿ ಅವಿದ್ಯೆ: ಸತ್ ಅಲ್ಲ, ಅಸತ್ ಅಲ್ಲ, ಅನಿರ್ವಚನೀಯ. ಅದರ ಆಶ್ರಯ ಜೀವನೋ ಬ್ರಹ್ಮವೋ ಎಂಬಲ್ಲಿ ಅದ್ವೈತದ್ದೇ ಎರಡು ಕವಲುಗಳಾದ ಭಾಮತೀ ಮತ್ತು ವಿವರಣ ಪ್ರಸ್ಥಾನಗಳಿಗೇ ಒಮ್ಮತವಿಲ್ಲ. ಇಂಥ ವಿನಾಯಿತಿ ಇದೆ ಎಂದ ಮಾತ್ರಕ್ಕೆ ಸಿದ್ಧಾಂತ ಸುಳ್ಳಲ್ಲ. ಆದರೆ ಎದುರಾಳಿಯ ವಿನಾಯಿತಿಯನ್ನು ಅನವಸ್ಥೆ (ಕೊನೆಯಿಲ್ಲದ ಸರಪಳಿ) ಎಂದು ಜರೆದು ತನ್ನದನ್ನು ಮಾತ್ರ ಸ್ವಭಾವ ಎಂದು ಸಮರ್ಥಿಸುವವರಿಂದ ದೂರ ಇರಿ.

ಪ್ರಶ್ನೆ: ಕ್ವಾಂಟಂ ಭೌತಶಾಸ್ತ್ರ ಅದ್ವೈತವನ್ನು ಸಾಬೀತು ಮಾಡಿದೆ ಎಂಬ ವಿಡಿಯೊಗಳು ದಿನವೂ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತವೆ. ನಿಜವೇ? (ಬೆಂಗಳೂರು)

ಉತ್ತರ: ಇಲ್ಲ. ಆದರೆ ಕ್ವಾಂಟಂ ಪ್ರಯೋಗಗಳು ತತ್ತ್ವಶಾಸ್ತ್ರಕ್ಕೆ ನಿಜವಾಗಿ ಏನು ಮಾಡಿದವು ಎಂಬುದು ಆ ವಿಡಿಯೊಗಳಿಗಿಂತ ಸ್ವಾರಸ್ಯವಾಗಿದೆ.

ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲಿ ತೋರಿಸಿದ್ದು ಇಷ್ಟು: ಪರಸ್ಪರ ನಂಟಿದ್ದು ದೂರ ದೂರ ಇರುವ ಜೋಡಿ ಕಣಗಳ ಗುಣಗಳು ಅಳೆಯುವ ಮೊದಲೇ ನಿಗದಿಯಾಗಿದ್ದರೆ, ಮತ್ತು ಇಲ್ಲಿ ಮಾಡಿದ ಅಳತೆಯ ಪರಿಣಾಮ ಬೆಳಕಿಗಿಂತ ಬೇಗ ಅಲ್ಲಿಗೆ ಮುಟ್ಟದಿದ್ದರೆ, ಎರಡೂ ಕಡೆಯ ಫಲಿತಾಂಶಗಳ ಹೊಂದಾಣಿಕೆ ಒಂದು ಮಿತಿಯನ್ನು ದಾಟಬಾರದು. ಈಗ ಬಳಕೆಯಲ್ಲಿರುವ ರೂಪದಲ್ಲಿ ಆ ಮಿತಿ 2. ಕ್ವಾಂಟಂ ಸಿದ್ಧಾಂತದ ಪ್ರಕಾರ ಅದು 2.83ರ ಸಮೀಪದವರೆಗೆ ಹೋಗಬಹುದು. 1982ರಲ್ಲಿ ಅಲೆನ್ ಆಸ್ಪೆ ತಂಡದ ಪ್ರಯೋಗ ಮಿತಿ ದಾಟಿತು. 2015ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ 1.3 ಕಿಲೊಮೀಟರ್ ಅಂತರದಲ್ಲಿ, ಹಿಂದಿನ ಮುಖ್ಯ ಲೋಪಗಳನ್ನು ಮುಚ್ಚಿ ನಡೆಸಿದ 245 ಸುತ್ತುಗಳಲ್ಲಿ ಬಂದ ಮೌಲ್ಯ 2.42. ಆಸ್ಪೆ, ಕ್ಲೌಸರ್, ಸೈಲಿಂಗರ್ ಅವರಿಗೆ ಈ ಸಾಲಿನ ಕೆಲಸಕ್ಕೆ 2022ರ ನೊಬೆಲ್ ಬಂತು.

ಇದರಿಂದ ಸತ್ತದ್ದು ಒಂದು ಜೋಡಿ. ಗುಣಗಳು ಮೊದಲೇ ನಿಗದಿ ಮತ್ತು ದೂರದ ಪ್ರಭಾವ ಇಲ್ಲ, ಈ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಹಾಗಿಲ್ಲ. ಜೋಡಿಯಲ್ಲಿ ಯಾವುದನ್ನು ಬಿಡಬೇಕು ಎಂದು ಪ್ರಯೋಗ ಹೇಳುವುದಿಲ್ಲ. ಡೇವಿಡ್ ಬೋಮ್ ದಾರಿಯವರು ದೂರದ ಪ್ರಭಾವವನ್ನು ಒಪ್ಪಿಕೊಳ್ಳುತ್ತಾರೆ. ಬಹುಲೋಕವಾದಿಗಳು ಪ್ರತಿ ಅಳತೆಗೂ ಒಂದೇ ಫಲ ಎಂಬುದನ್ನೇ ಬಿಡುತ್ತಾರೆ. ಎರಡಕ್ಕೂ ಪ್ರಯೋಗದ ಅಂಕಿ ಒಂದೇ.

ಚೈತನ್ಯದ ಮಾತೆಲ್ಲಿ ಬಂತು? ಎಲ್ಲೂ ಬರಲಿಲ್ಲ. ಅಲ್ಲಿ ‘ನೋಡುವುದು’ ಎಂದರೆ ಶೋಧಕಯಂತ್ರ ದಾಖಲಿಸುವುದು. ಕ್ವಾಂಟಂ ಸಿದ್ಧಾಂತವನ್ನು ಕಟ್ಟಿದವರಲ್ಲಿ ಒಬ್ಬರಾದ ಶ್ರೋಡಿಂಗರ್‌ಗೆ ಉಪನಿಷತ್ತುಗಳ ಮೇಲೆ ಅಪಾರ ಒಲವಿತ್ತು ಎಂಬುದು ನಿಜ. ಆದರೆ 1926ರ ಅವರ ಸಮೀಕರಣವನ್ನು ಉಪನಿಷತ್ತಿನ ಹೆಸರು ಕೇಳದವರೂ ಹಾಗೆಯೇ ಬಳಸುತ್ತಾರೆ, ಉತ್ತರವೂ ಅದೇ ಬರುತ್ತದೆ. ವಿಡಿಯೊ ಬಂದಾಗ ಒಂದೇ ಪ್ರಶ್ನೆ ಕೇಳಿ: ಅಳತೆ ಯಾವ ಅಂಕಿ ಕೊಟ್ಟಿದ್ದರೆ ನೀವು ಅದ್ವೈತ ತಪ್ಪು ಎಂದು ಒಪ್ಪುತ್ತಿದ್ದಿರಿ? ಯಾವುದೂ ಇಲ್ಲ ಎಂದಾದರೆ ಈ ಅಂಕಿಯೂ ಅದಕ್ಕೆ ಸಾಕ್ಷಿಯಲ್ಲ.

ಪ್ರಶ್ನೆ: ವಾದದಿಂದ ಆಗದ್ದು ಅನುಭವದಿಂದ ಆಗುತ್ತದೆ ಎನ್ನುತ್ತಾರೆ. ಸಾಧಕರ ಅನುಭವವನ್ನೇ ಪ್ರಮಾಣ ಎಂದುಕೊಂಡರೆ ಸಾಲದೇ? (ಶಿರಸಿ)

ಉತ್ತರ: ಸಮಾಧಿಯಷ್ಟು ದೂರ ಹೋಗುವುದು ಬೇಡ. ಎಲ್ಲರಿಗೂ ಆಗುವ ಒಂದು ಅನುಭವವನ್ನೇ ನೋಡೋಣ. ಗಾಢ ನಿದ್ದೆಯಿಂದ ಎದ್ದವನು ‘ಸುಖವಾಗಿ ಮಲಗಿದ್ದೆ, ಏನೂ ಗೊತ್ತಾಗಲಿಲ್ಲ’ ಎನ್ನುತ್ತಾನೆ. ಅದ್ವೈತಿಯ ವಾದ: ಇದು ನೆನಪು. ಅನುಭವಿಸದ್ದು ನೆನಪಾಗದು. ಆದ್ದರಿಂದ ನಿದ್ದೆಯಲ್ಲೂ ಸುಖವನ್ನೂ ಅಜ್ಞಾನವನ್ನೂ ಬೆಳಗುತ್ತಿದ್ದ ಸಾಕ್ಷಿ ಇದ್ದೇ ಇತ್ತು. ನೈಯಾಯಿಕನ ವಾದ: ಇದು ನೆನಪಲ್ಲ, ಎದ್ದ ಮೇಲೆ ಮಾಡಿದ ಅನುಮಾನ. ಮೈ ಹಗುರಾಗಿದೆ, ನಡುವಿನ ಹೊತ್ತಿನದು ಏನೂ ನೆನಪಿಲ್ಲ, ಆದ್ದರಿಂದ ಆಗ ಜ್ಞಾನ ಇರಲಿಲ್ಲ. ಅದ್ವೈತಿ ಬಿಡುವುದಿಲ್ಲ: ಆ ನಡುವಿನ ಹೊತ್ತು ಇತ್ತು ಎಂಬುದೇ ನಿನಗೆ ಹೇಗೆ ತಿಳಿಯಿತು? ರಾಮಾನುಜರದು ಮೂರನೆಯ ದಾರಿ: ನಿದ್ದೆಯಲ್ಲಿ ಉಳಿದದ್ದು ಬರಿಯ ಅರಿವಲ್ಲ, ಮಸುಕಾಗಿಯಾದರೂ ‘ನಾನು’ ಎಂಬ ಜ್ಞಾತೃ, ಅಂದರೆ ಅರಿಯುವವನು.

ನಿದ್ದೆ ಮೂವರಿಗೂ ಒಂದೇ, ಹೇಳಿಕೆಯೂ ಒಂದೇ, ತೀರ್ಮಾನ ಮಾತ್ರ ಮೂರು. ಮೆದುಳಿನ ಅಲೆಗಳನ್ನು ದಾಖಲಿಸುವ ಇಇಜಿ ಗಾಢ ನಿದ್ದೆಯ ನಿಧಾನಗತಿಯ ಅಲೆಗಳನ್ನು ತೋರಿಸುತ್ತದೆ, ಸಾಕ್ಷಿ ಇತ್ತೇ ಎಂಬುದನ್ನಲ್ಲ. ಅನುಭವ ಆಯಿತು ಎಂಬುದು ಒಂದು, ಅದು ಇಂಥ ವಸ್ತುವಿನ ಅನುಭವ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಸಾಧಕರನ್ನು ನಂಬಿ, ಸಂದೇಹಿಸಲು ಕಾರಣವಿಲ್ಲ. ಎರಡನೆಯದು ಆಗಲೇ ಸಿದ್ಧಾಂತ, ಅದಕ್ಕೆ ಮತ್ತೆ ಐದು ಸಾಲಿನ ಪರೀಕ್ಷೆ ಬೇಕು. ಸಾಧಕ ಯಾವ ಸಂಪ್ರದಾಯದಲ್ಲಿ ಪಳಗಿದ್ದಾನೋ ಅದೇ ಸಂಪ್ರದಾಯದ ಮಾತಿನಲ್ಲಿ ಅನುಭವವನ್ನು ಹೇಳುವುದು ಸಾಮಾನ್ಯ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ: ಇದೆಲ್ಲ ನಮ್ಮ ಬುದ್ಧಿಗೆ ನಿಲುಕದ್ದು ಎಂದು ಕಾಂಟ್ 18ನೇ ಶತಮಾನದಲ್ಲೇ ತೀರ್ಪು ಕೊಟ್ಟನಲ್ಲ? ಅರ್ಥವೇ ಇಲ್ಲದ ಮಾತು ಎಂದು ವಿಯೆನ್ನಾದವರು ಹೇಳಿದರಲ್ಲ? (ಮೈಸೂರು)

ಉತ್ತರ: ಜರ್ಮನ್ ತತ್ತ್ವಜ್ಞ ಕಾಂಟ್ 1781ರ ಗ್ರಂಥದಲ್ಲಿ ನಾಲ್ಕು ಜೋಡಿ ವಾದಗಳನ್ನು ಎದುರುಬದುರು ಇಟ್ಟ. ಜಗತ್ತಿಗೆ ಕಾಲದಲ್ಲಿ ಆದಿ ಇದೆ ಎಂಬುದಕ್ಕೊಂದು ಸಾಧನೆ, ಇಲ್ಲ ಎಂಬುದಕ್ಕೊಂದು. ಎರಡೂ ಎದುರು ಪಕ್ಷವನ್ನು ಕೆಡವಿಯೇ ಗೆಲ್ಲುತ್ತವೆ. ಇಲ್ಲಿಯ ತನಕ ಅವನ ಕೆಲಸ ಗಟ್ಟಿ. ಆದರೆ ಅವನು ಕೊಟ್ಟ ಪರಿಹಾರ ಮತ್ತೊಂದು ಸಿದ್ಧಾಂತವೇ. ದೇಶ ನಮ್ಮ ಗ್ರಹಿಕೆಯ ಚೌಕಟ್ಟು, ಯೂಕ್ಲಿಡ್‌ನ ರೇಖಾಗಣಿತ ಆ ಚೌಕಟ್ಟಿನ ಅನಿವಾರ್ಯ ನಿಯಮ ಎಂದು ಅವನು ನಂಬಿದ್ದ. 19ನೇ ಶತಮಾನದಲ್ಲಿ ಬೇರೆ ರೇಖಾಗಣಿತಗಳು ಹುಟ್ಟಿದವು, 1915ರಲ್ಲಿ ಐನ್‌ಸ್ಟೈನ್ ಗುರುತ್ವಕ್ಕೆ ಅಂಥದ್ದನ್ನೇ ಬಳಸಿದರು. ‘ಅನಿವಾರ್ಯ’ ಎಂಬುದು ಅಲುಗಾಡಿತು.

ವಿಯೆನ್ನಾ ವಲಯ ಎಂಬ ಚಿಂತಕರ ಗುಂಪಿನ ಅಳತೆಗೋಲನ್ನು ಬ್ರಿಟಿಷ್ ತತ್ತ್ವಜ್ಞ ಎ. ಜೆ. ಏಯರ್ 1936ರಲ್ಲಿ ಇಂಗ್ಲಿಷ್ ಓದುಗರಿಗೆ ತಲುಪಿಸಿದರು: ಗಣಿತದಂತೆ ಪದಗಳ ಅರ್ಥದಿಂದಲೇ ನಿಜವಾಗದ, ಇಂದ್ರಿಯದಿಂದ ಪರೀಕ್ಷಿಸಲೂ ಆಗದ ಮಾತಿಗೆ ಅರ್ಥವಿಲ್ಲ. ಈ ವಾಕ್ಯವನ್ನೇ ಆ ಅಳತೆಗೋಲಿಗೆ ಹಚ್ಚಿ. ಅದು ಎರಡೂ ಗುಂಪಿಗೆ ಸೇರುವುದಿಲ್ಲ. ವ್ಯಾಸತೀರ್ಥರ ಪ್ರಶ್ನೆ ಇಲ್ಲಿಯೂ ನಡೆಯುತ್ತದೆ.

ಪ್ರಶ್ನೆ: ಕಣಾದ ಋಷಿಗಳು ಪರಮಾಣುವನ್ನು ಮೊದಲೇ ಕಂಡಿದ್ದರು. ಒಂದು ತಾತ್ತ್ವಿಕ ಸಿದ್ಧಾಂತ ನಿಜ ಎಂದು ವಿಜ್ಞಾನವೇ ಒಪ್ಪಿತಲ್ಲವೇ? (ಮಂಗಳೂರು)

ಉತ್ತರ: ಕಣಾದರ ಪರಂಪರೆಯವರಾದ ವೈಶೇಷಿಕರ ಲೆಕ್ಕದಲ್ಲಿ ಎರಡು ಪರಮಾಣು ಸೇರಿ ದ್ವ್ಯಣುಕ, ಮೂರು ದ್ವ್ಯಣುಕ ಸೇರಿ ತ್ರ್ಯಣುಕ. ಗವಾಕ್ಷಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ತೇಲುವ ಕಣವೇ ತ್ರ್ಯಣುಕ, ಅಂದರೆ ಅದರಲ್ಲಿ 6 ಪರಮಾಣು. ಹತ್ತು ಮೈಕ್ರಾನ್ ಗಾತ್ರದ ಅಂಥ ಧೂಳಿನ ಕಣದಲ್ಲಿ ಇಂದಿನ ಲೆಕ್ಕದ ಪರಮಾಣುಗಳು ಹತ್ತಾರು ಲಕ್ಷ ಕೋಟಿ ಇರುತ್ತವೆ. ಅವರ ಪರಮಾಣು ನಿತ್ಯ, ಅವಿಭಾಜ್ಯ, ಪೃಥ್ವಿ-ಅಪ್-ತೇಜ-ವಾಯು ಎಂದು ನಾಲ್ಕು ಬಗೆ. ಇಂದಿನದು ಒಡೆಯುತ್ತದೆ. ಹೆಸರು ಕೂಡಿತು, ವಸ್ತು ಕೂಡಲಿಲ್ಲ.

ಅವರ ವಾದ ಮಾತ್ರ ಚೆನ್ನಾಗಿದೆ: ವಿಭಜನೆ ಎಲ್ಲಿಯೂ ನಿಲ್ಲದಿದ್ದರೆ ಮೇರುವಿಗೂ ಅನಂತ ಅವಯವ, ಸಾಸಿವೆಗೂ ಅನಂತ ಅವಯವ, ಎರಡರ ಗಾತ್ರವೂ ಸಮ ಎನ್ನಬೇಕಾಗುತ್ತದೆ. ಆದ್ದರಿಂದ ನಿಲ್ಲಲೇಬೇಕು. ಬಹುಕಾಲ ಇದು ಮುರಿಯಲಾರದ ಯುಕ್ತಿಯಂತೆ ಕಂಡಿತು. 19ನೇ ಶತಮಾನದ ಗಣಿತ ಅನಂತದ ಲೆಕ್ಕವನ್ನು ಸರಿಪಡಿಸಿದ ಮೇಲೆ ದೋಷ ಬಯಲಾಯಿತು. ಒಂದು ಇಂಚಿನ ಗೆರೆಯಲ್ಲೂ ಒಂದು ಗಾವುದದ ಗೆರೆಯಲ್ಲೂ ಬಿಂದುಗಳನ್ನು ಒಂದಕ್ಕೊಂದು ಸರಿಹೊಂದಿಸಬಹುದು, ಹಾಗಿದ್ದೂ ಉದ್ದ ಬೇರೆ. ಅವಯವಗಳ ಎಣಿಕೆಯಿಂದ ಗಾತ್ರ ಬರುತ್ತದೆ ಎಂಬ ವ್ಯಾಪ್ತಿಯೇ ತಪ್ಪಿತ್ತು.

ಪರಮಾಣು ಇದೆ ಎಂದು ಭೌತವಿಜ್ಞಾನಿಗಳು ಒಪ್ಪಿದ್ದು ಇಂಥ ಯುಕ್ತಿಯಿಂದಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಕುಣಿತಕ್ಕೆ ಐನ್‌ಸ್ಟೈನ್ 1905ರಲ್ಲಿ ಸೂತ್ರ ಕೊಟ್ಟು, ಮುಂದಿನ ಕೆಲವು ವರ್ಷಗಳಲ್ಲಿ ಜಾನ್ ಪೆರಾಂ ಅದನ್ನು ಅಳೆದು ತೋರಿಸಿದ ಮೇಲೆ. ಕುಡಿದು ನೋಡುವ ದಾರಿ ತೆರೆದ ದಿನ ಪರಮಾಣುವಾದ ಭೌತವಿಜ್ಞಾನದ ಪಾಲಾಯಿತು.

ಪ್ರಶ್ನೆ: ಸಿದ್ಧಾಂತ ನಿಜವೋ ಅಲ್ಲವೋ ಗೊತ್ತಿಲ್ಲದೆ ಪೂಜೆ, ಪಾಠ ಮುಂದುವರಿಸುವುದು ಆಷಾಢಭೂತಿತನ ಆಗುವುದಿಲ್ಲವೇ? (ಮಸ್ಕತ್)

ಉತ್ತರ: ಆಗುವುದಿಲ್ಲ. ಮೀಮಾಂಸಕರಾದ ಕುಮಾರಿಲ ಭಟ್ಟರು ಜಗತ್ತಿಗೆ ಸೃಷ್ಟಿಕರ್ತ ಇದ್ದಾನೆ ಎಂಬುದನ್ನು ಖಂಡಿಸಿದರು, ವೈದಿಕ ಕರ್ಮವನ್ನು ಅಷ್ಟೇ ಬಲವಾಗಿ ಎತ್ತಿಹಿಡಿದರು. ಅವರನ್ನು ಯಾರೂ ಆಷಾಢಭೂತಿ ಎನ್ನಲಿಲ್ಲ. ಒಂದು ಕ್ರಮವನ್ನು ಒಪ್ಪಿ ನಡೆಯುವುದು ಬೇರೆ, ಅದರ ಹಿಂದಿನ ಸಿದ್ಧಾಂತ ಖಚಿತವಾಗಿ ನಿಜ ಎಂದು ಪಕ್ಕದವನ ಮುಂದೆ ಪ್ರಮಾಣ ಮಾಡುವುದು ಬೇರೆ. ಎರಡನೆಯದನ್ನು ಮಾಡದಿದ್ದರೆ ಸಾಕು. ಮಕ್ಕಳು ಕೇಳಿದಾಗಲೂ ‘ನಮ್ಮ ಆಚಾರ್ಯರು ಹೀಗೆ ಹೇಳಿದ್ದಾರೆ, ಅವರು ಕೊಡುವ ಕಾರಣ ಇದು’ ಎಂದರೆ ಸುಳ್ಳು ಹೇಳಿದಂತಾಗದು.

ಪ್ರಶ್ನೆ: ಓದು ಎಲ್ಲಿಂದ ಶುರು ಮಾಡಲಿ? (ತುಮಕೂರು)

ಉತ್ತರ: ಅನ್ನಂಭಟ್ಟರ ತರ್ಕಸಂಗ್ರಹದಿಂದ, ಅದು ನ್ಯಾಯ-ವೈಶೇಷಿಕದ ಕೈಪಿಡಿ. ಇಡೀ ಪುಸ್ತಕ ಮುಗಿಸುವ ಹಟ ಬೇಡ, ಅನುಮಾನ ಖಂಡ ಮತ್ತು ಐದು ಹೇತ್ವಾಭಾಸಗಳು (ಹೇತುವಿನ ದೋಷಗಳು) ಬಾಯಿಗೆ ಬಂದರೆ ಸಾಕು. ಪದಾರ್ಥಗಳ ಪಟ್ಟಿ ಉರುಹೊಡೆಯುವುದರಲ್ಲೇ ಹಲವರು ಬಳಲಿ ನಿಂತುಬಿಡುತ್ತಾರೆ.

ಆಮೇಲೆ ಬ್ರಹ್ಮಸೂತ್ರ ಭಾಷ್ಯವನ್ನು ಆರಂಭದಿಂದ ಓದಬೇಡಿ. ಪರಮತ ಖಂಡನೆಯ ಭಾಗವಾದ ಎರಡನೆಯ ಅಧ್ಯಾಯದ ಎರಡನೆಯ ಪಾದವನ್ನು ತೆಗೆಯಿರಿ. ಮತ್ತು ಪೂರ್ವಪಕ್ಷವನ್ನು (ಎದುರಾಳಿಯ ವಾದವನ್ನು) ಸಿದ್ಧಾಂತಿಯ ಬಾಯಲ್ಲಿ ಮಾತ್ರ ಕೇಳಬೇಡಿ, ಆ ಮತದವರ ಮೂಲದಲ್ಲೇ ನೋಡಿ. ಸಾಂಖ್ಯದ ವಿಷಯದಲ್ಲಿ ಇದು ಸುಲಭ, ಏಕೆಂದರೆ ಸಾಂಖ್ಯಕಾರಿಕೆ ಎಪ್ಪತ್ತು ಚಿಲ್ಲರೆ ಪದ್ಯಗಳ ಪುಟ್ಟ ಗ್ರಂಥ. ಅದರ 57ನೆಯ ಕಾರಿಕೆ ಹೇಳುತ್ತದೆ: ಅರಿವಿಲ್ಲದ ಹಾಲು ಕರುವಿಗಾಗಿ ಹರಿಯುವ ಹಾಗೆ ಜಡವಾದ ಪ್ರಕೃತಿಯೂ ಪುರುಷನಿಗಾಗಿ (ಚೇತನ ಆತ್ಮನಿಗಾಗಿ) ಪ್ರವರ್ತಿಸುತ್ತದೆ. ಇದಕ್ಕೆ ಉತ್ತರ 2.2.3ನೆಯ ಸೂತ್ರದ ಶಾಂಕರಭಾಷ್ಯದಲ್ಲಿದೆ: ಹಾಲು ಹರಿಯುವಲ್ಲೂ ಚೇತನದ ಪ್ರೇರಣೆ ಇದೆ ಎಂದೇ ನಮ್ಮ ಊಹೆ, ಅದೂ ವಿವಾದದ ಒಳಗೇ ಸೇರಿದ್ದು, ಆದ್ದರಿಂದ ಅದನ್ನು ಉದಾಹರಣೆಯಾಗಿ ತರುವಂತಿಲ್ಲ. ಮೊಳಕೆಯ ವಿಷಯದಲ್ಲಿ ನೈಯಾಯಿಕ ಹೂಡಿದ ಪಟ್ಟೇ ಇದು. ಎದುರಾಳಿಯ ಪ್ರತಿಯೊಂದು ಉದಾಹರಣೆಯನ್ನೂ ‘ಅದೂ ವಿವಾದದೊಳಗೆ’ ಎಂದು ಎಳೆದುಕೊಳ್ಳುತ್ತ ಹೋದರೆ ವ್ಯಾಪ್ತಿಯನ್ನು ಮುರಿಯಲು ಯಾರಿಗಾದರೂ ಏನು ಉಳಿಯುತ್ತದೆ? ಕಾರಿಕೆ ಮತ್ತು ಭಾಷ್ಯ ಎರಡನ್ನೂ ಅಕ್ಕಪಕ್ಕ ಇಟ್ಟು, ಈ ವರಸೆಗೆ ಸಾಂಖ್ಯನ ಪರವಾಗಿ ನಿಮ್ಮದೇ ಉತ್ತರವನ್ನು ಐದು ಸಾಲಿನಲ್ಲಿ ಬರೆಯಿರಿ. ಬರೆದಾದ ಮೇಲಷ್ಟೇ ಟೀಕೆಗಳನ್ನು ತೆಗೆಯಿರಿ.